ಹೊಸದರ ಬಗ್ಗೆ ಬರೆಯುವವರಿಗೆ ಹಳೆಯದರ ಗೀಳೇಕೆ?

ಪ್ರಶ್ನೆ: ನಾನು ಚಿಂತಾಮಣಿಯವನು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಮನೆಯಿಂದಲೇ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂಬ ಆಸೆಯಿದೆ. ತಮ್ಮ ಲೇಖನಗಳನ್ನು ಓದುವಾಗ ಒಂದು ಅನುಮಾನ ಬರುತ್ತದೆ. ತಾವು ಬರೆಯುವುದು ಹೊಸ ಉಪಕರಣಗಳ ಬಗ್ಗೆ. ಆದರೆ ತಮ್ಮ ಸ್ವಂತದ ಮಾತು ಬಂದಾಗಲೆಲ್ಲ ಕೀ ಕೊಡುವ ವಾಚು, ರೇಡಿಯೊ, ಪ್ಯಾಸೆಂಜರ್ ರೈಲು, ಹಳ್ಳಿಯ ನಾಟಕ ಇವೇ ಕಾಣುತ್ತವೆ. ಹೊಸದರ ಮೇಲೆ ತಮಗೆ ನಿಜವಾಗಿ ಆಸಕ್ತಿಯಿದೆಯೇ? ತಮ್ಮ ಕೆಲಸ, ತಿರುಗಾಟ, ಬಿಡುವು ಹೇಗೆ ನಡೆಯುತ್ತವೆ? ಈ ಬರವಣಿಗೆಗೆ ಬೆಂಗಳೂರಿನಲ್ಲೇ ಇರಬೇಕೇ?

ಉತ್ತರ: ತಮ್ಮ ಅನುಮಾನ ನ್ಯಾಯವಾದುದೇ. ನಮ್ಮ ಮನೆಯಲ್ಲೂ ಇದೇ ಮಾತು ಬೇರೆ ರೂಪದಲ್ಲಿ ಬರುತ್ತಿರುತ್ತದೆ: ಊರಿಗೆಲ್ಲ ಯಾವ ಫೋನು ಕೊಳ್ಳಬೇಕೆಂದು ಹೇಳುವ ಮನುಷ್ಯ ತನ್ನ ಫೋನನ್ನು ಐದು ವರ್ಷದಿಂದ ಬದಲಾಯಿಸಿಲ್ಲವಲ್ಲ ಎಂದು. ಹಳೆಯದೆಂಬ ಕಾರಣಕ್ಕೆ ನಾನು ಯಾವುದನ್ನೂ ಇಟ್ಟುಕೊಂಡವನಲ್ಲ. ಒಳಗೆ ನಡೆಯುವ ಕೆಲಸ ಕಣ್ಣಿಗೋ ಕಿವಿಗೋ ಸಿಗುವಂತಹ ಯಂತ್ರಗಳೆಂದರೆ ನನಗೆ ಇಷ್ಟ. ಅಂಥವು ಹೆಚ್ಚಾಗಿ ಹಳೆಯ ಕಾಲದವೇ ಆಗಿರುವುದರಿಂದ ತಮಗೆ ಹಾಗೆ ತೋರಿರಬೇಕು. ಕೆಲಸ, ತಿರುಗಾಟ, ಬಿಡುವು ಎಂದು ತಾವು ಮೂರು ಪ್ರಶ್ನೆ ಕೇಳಿದ್ದೀರಿ. ಈ ಒಂದು ಇಷ್ಟವನ್ನು ಬಿಡಿಸಿ ಹೇಳಿದರೆ ಮೂರಕ್ಕೂ ಉತ್ತರ ಸಿಗುತ್ತದೆಂದು ಭಾವಿಸಿದ್ದೇನೆ.

ವಾಚಿನಿಂದ ಆರಂಭಿಸುತ್ತೇನೆ. ನಮ್ಮ ತುಮಕೂರಿನಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಇತ್ತು. ನಾನು ಬೆಳೆದ ಬೀದಿಯಲ್ಲಿ ಮೂರು ಮನೆಯವರು ಅಲ್ಲಿ ಕೆಲಸಕ್ಕಿದ್ದರು. ಅವರ ಮನೆಯ ಮಕ್ಕಳು ಗಂಟೆ ನೋಡಲು ಕಲಿಯುವ ಮೊದಲೇ ಗಡಿಯಾರದ ಭಾಗಗಳ ಹೆಸರು ಹೇಳುತ್ತಿದ್ದರು. ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು, ಆ ಜಾಗದಲ್ಲಿ ಈಗ ಇಸ್ರೊ ಬಂದಿದೆ. ನನ್ನ ಕೈಯಲ್ಲಿರುವುದು ತಂದೆಯವರ ಜನತಾ ವಾಚು. ದಿನಕ್ಕೊಮ್ಮೆ ಬೆಳಿಗ್ಗೆ ಕಾಫಿಗೆ ಮುಂಚೆ ಅದಕ್ಕೆ ಕೀ ಕೊಡುತ್ತೇನೆ. ಹಿಂದಿನ ಮುಚ್ಚಳ ತೆಗೆದರೆ ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗಿನ ಮೇಲೆ ಒಂದು ಚಕ್ರ ಅತ್ತ ಇತ್ತ ತೂಗುವುದು ಕಾಣುತ್ತದೆ. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಕೀ ಕೊಟ್ಟಾಗ ಸುತ್ತಿಕೊಂಡ ದೊಡ್ಡ ಸ್ಪ್ರಿಂಗು ಬಿಚ್ಚಿಕೊಳ್ಳಲು ತವಕಿಸುತ್ತದೆ, ಈ ಚಕ್ರ ಅದನ್ನು ಒಂದೊಂದೇ ಹಲ್ಲು ಬಿಟ್ಟುಕೊಡುತ್ತದೆ. ಇಷ್ಟನ್ನು ಏಳು ವರ್ಷದ ಮಗುವಿಗೆ ತೋರಿಸಿದರೆ ಸಾಕು, ವಿವರಣೆ ಬೇಕಾಗುವುದಿಲ್ಲ.

ಹಾಗೆಂದು ಕ್ವಾರ್ಟ್ಜ್ ವಾಚು ಕೀಳೆಂದು ನಾನು ಹೇಳಲಾರೆ. ಸಮಯ ತೋರಿಸುವುದರಲ್ಲಿ ಅದು ಜನತಾ ವಾಚಿಗಿಂತ ಎಷ್ಟೋ ಮೇಲು; ನನ್ನದು ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಕ್ವಾರ್ಟ್ಜ್ ವಾಚಿನೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೆಂಥ ವಿಚಿತ್ರ ಸಂಖ್ಯೆ ಎನಿಸಬಹುದು. ಆದರೆ ಒಂದನ್ನು ಹದಿನೈದು ಸಲ ಇಮ್ಮಡಿಸಿದರೆ ಇದೇ ಸಂಖ್ಯೆ ಬರುತ್ತದೆ, ಆದ್ದರಿಂದ ಒಂದು ಸಣ್ಣ ವಿದ್ಯುತ್ ಮಂಡಲ (ಸರ್ಕ್ಯೂಟು) ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಕೊನೆಗೆ ಸೆಕೆಂಡಿಗೆ ಒಂದೇ ಒಂದು ಮಿಡಿತ ಉಳಿಯುತ್ತದೆ. ಕಾಣದ ಯಂತ್ರವೂ ಹೀಗೆ ಲೆಕ್ಕದ ಮೂಲಕ ಮನಸ್ಸಿಗೆ ಕಾಣುವಂತಾದ ದಿನ ನನಗೆ ಆದ ಸಂತೋಷ ಇಂದಿಗೂ ನೆನಪಿದೆ. ತಂತ್ರಜ್ಞಾನದ ಬಗ್ಗೆ ಬರೆಯುವವರ ಕೆಲಸದ ಬಹುಪಾಲು ಇದೇ ಎಂದು ನನ್ನ ಅಭಿಪ್ರಾಯ.

ರೇಡಿಯೊ ನನಗೆ ಬಿಡುವಿನ ಸಂಗಾತಿಯಾಗಿ ಬಂದು ಕೆಲಸದ ಸಲಕರಣೆಯಾಯಿತು. ಆಕಾಶವಾಣಿ ಬೆಂಗಳೂರು ಕೇಂದ್ರದ 612 ಕಿಲೊಹರ್ಟ್ಜ್ ಮಧ್ಯಮ ತರಂಗವನ್ನು ನಾನು ಹಳೆಯ ಟ್ರಾನ್ಸಿಸ್ಟರಿನಲ್ಲಿ ಕೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಗೆ ಹೊಸ ಎಲ್‌ಇಡಿ ಬಲ್ಬುಗಳನ್ನು ಹಾಕಿಸಿದ ದಿನದಿಂದ ವಾರ್ತೆಯ ಜೊತೆಗೆ ಗುರ್ ಎಂಬ ಸದ್ದು ಸೇರಿಕೊಂಡಿತು. ಬಲ್ಬುಗಳನ್ನು ಒಂದೊಂದಾಗಿ ಆರಿಸುತ್ತ ಹೋದಾಗ ಅಡುಗೆಮನೆಯ ಒಂದೇ ಒಂದು ಬಲ್ಬು ಕಳ್ಳನೆಂದು ಗೊತ್ತಾಯಿತು. ಅಂತಹ ಬಲ್ಬು, ಫೋನಿನ ಚಾರ್ಜರು ಇವುಗಳೊಳಗಿನ ಮಂಡಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಬೇಕಾದ ವೋಲ್ಟೇಜಿಗೆ ಇಳಿಸುತ್ತದೆ. ಹಾಗೆ ಕಡಿಯುವಾಗ ಏಳುವ ಗದ್ದಲ ಹೊರಗೆ ಹೋಗದಂತೆ ತಡೆಯುವ ಸಣ್ಣ ಭಾಗಗಳನ್ನು ಒಳ್ಳೆಯ ತಯಾರಕರು ಹಾಕುತ್ತಾರೆ, ಅಗ್ಗದ ಮಾಲಿನಲ್ಲಿ ಅದನ್ನೇ ಮೊದಲು ಕೈಬಿಡುತ್ತಾರೆ. ಅಂದಿನಿಂದ ಯಾವ ಚಾರ್ಜರು ಪರೀಕ್ಷೆಗೆ ಬಂದರೂ ಅದನ್ನು ಮೊದಲು ರೇಡಿಯೊದ ಪಕ್ಕದಲ್ಲಿಡುತ್ತೇನೆ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮನಲ್ಲ, ಚಾರ್ಜರಿನ ಸುರಕ್ಷತೆಯನ್ನು ಇದರಿಂದ ಅಳೆಯಲೂ ಆಗದು. ಆದರೂ ತಯಾರಕರು ಎಲ್ಲಿ ಕೈ ಬಿಗಿಹಿಡಿದಿದ್ದಾರೆಂಬ ಸುಳಿವು ಮೂರು ನಿಮಿಷದಲ್ಲಿ ಸಿಗುತ್ತದೆ.

ಹೀಗೆ ಸ್ವತಃ ಪರೀಕ್ಷಿಸಿ ನೋಡುವ ಅಭ್ಯಾಸವನ್ನು ಒಮ್ಮೆ ಕೈಬಿಟ್ಟದ್ದರಿಂದ ನನಗೆ ಬಿದ್ದ ಪೆಟ್ಟನ್ನು ತಮಗೆ ಹೇಳಲೇಬೇಕು. ನಮ್ಮ ಜಿಲ್ಲೆಗಳಲ್ಲಿ ರೈತರು ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಳ್ಳುವುದು ತಮಗೆ ಗೊತ್ತಿದೆ. ಮೂರು ಫೇಸ್ ಕರೆಂಟು ರಾತ್ರಿ ಹೊತ್ತಿನಲ್ಲಿ ಬಂದರೆ ಎದ್ದು ಹೊಲಕ್ಕೆ ಹೋಗುವ ಬದಲು ಮನೆಯಿಂದಲೇ ಫೋನು ಮಾಡಿ ಮೋಟರು ಹಾಕಬಹುದು. ಒಂದು ಕಂಪನಿಯವರು ತಮ್ಮ ಸ್ಟಾರ್ಟರನ್ನು ತಮ್ಮದೇ ಅಂಗಳದಲ್ಲಿ ನಡೆಸಿ ತೋರಿಸಿದರು; ಕೈಗೆ ಕೊಟ್ಟ ಬಣ್ಣದ ಹಾಳೆಯಲ್ಲಿದ್ದುದನ್ನು ನಂಬಿ ನಾನು ಹೊಗಳಿ ಬರೆದೆ. ಎರಡು ತಿಂಗಳ ನಂತರ ಕೊರಟಗೆರೆ ಕಡೆಯ ಒಬ್ಬ ರೈತರು ನನ್ನನ್ನು ಹುಡುಕಿಕೊಂಡು ಬಂದರು. ಜಗಳಕ್ಕೆ ಬಂದವರ ಧಾಟಿ ಅವರದಾಗಿರಲಿಲ್ಲ. ‘ತಾವು ಬರೆದದ್ದನ್ನು ನೋಡಿ ಹಾಕಿಸಿದೆ ಸ್ವಾಮಿ, ಮೋಟರು ಸುಟ್ಟುಹೋಯಿತು, ಯಾಕೆಂದು ಹೇಳಿ’ ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅವರ ತೋಟದಲ್ಲಿ ಮೂರು ರಾತ್ರಿ ಉಳಿದ ಮೇಲೆ ವಿಷಯ ತಿಳಿಯಿತು. ಬೋರ್‌ವೆಲ್ಲಿನೊಳಗೆ ಮುಳುಗಿರುವ ಮೋಟರನ್ನು ತಂಪಾಗಿಡುವುದು ಸುತ್ತಲಿನ ನೀರೇ. ನೀರು ಮುಗಿದ ಮೇಲೂ ಓಡಿದರೆ ಒಳಗಿನ ಕಾಯಿಲ್ ಸುಡುತ್ತದೆ. ನೀರಿಲ್ಲದಾಗ ಪಂಪಿನ ಹೊರೆ ಕಡಿಮೆಯಾಗಿ ಮೋಟರು ಎಳೆಯುವ ಕರೆಂಟು ಇಳಿಯುತ್ತದೆ, ಸ್ಟಾರ್ಟರು ಆ ಇಳಿತವನ್ನು ಗುರುತಿಸಿ ತಾನಾಗಿಯೇ ಆರಿಸಬೇಕು. ಎಷ್ಟು ಆಂಪಿಯರ್‌ಗಿಂತ ಕೆಳಗಿಳಿದರೆ ಆರಿಸಬೇಕೆಂಬುದನ್ನು ಆಯಾ ಮೋಟರಿಗೆ ತಕ್ಕಂತೆ ಕೂರಿಸಬೇಕಿತ್ತು. ಹಾಕಲು ಬಂದ ಹುಡುಗ ಬೇರೆ ಅಶ್ವಶಕ್ತಿಯ ಮೋಟರಿನ ಲೆಕ್ಕವನ್ನೇ ಬಿಟ್ಟುಹೋಗಿದ್ದ. ಜೊತೆಗೆ ಸ್ಟಾರ್ಟರ್ ಪೆಟ್ಟಿಗೆ ತಗ್ಗಿನಲ್ಲಿರುವ ತಗಡಿನ ಗೂಡಿನೊಳಗಿದ್ದುದರಿಂದ ಅದಕ್ಕೆ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ, ನಡುರಾತ್ರಿ ಹೊರಟ ಸಂದೇಶ ರೈತರ ಫೋನಿಗೆ ಬೆಳಗಾದ ಮೇಲೆ ತಲುಪಿತ್ತು. ತಲುಪಿದ್ದರೂ ಏನು, ಸಂದೇಶ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಏಕೆ ಕಳುಹಿಸುವುದಿಲ್ಲವೆಂದು ಕಂಪನಿಯವರನ್ನು ಕೇಳಿದಾಗ ಖರ್ಚಿನ ಮಾತು ಬಂತು: ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತವೆ, ಕನ್ನಡವಾದರೆ 70 ಸಂಕೇತ ಮಾತ್ರ. ‘ಸ್ತ್ರೀ’ ಎಂಬ ಒಂದೇ ಅಕ್ಷರ ನಮ್ಮ ಕಣ್ಣಿಗೆ ಒಂದಾದರೂ ಕಂಪ್ಯೂಟರು, ಫೋನುಗಳು ಅಕ್ಷರಗಳಿಗೆ ಬಳಸುವ ಯೂನಿಕೋಡಿನಲ್ಲಿ ಅದು ಆರು ಸಂಕೇತ: ಮೂರು ವ್ಯಂಜನ, ಅವುಗಳ ನಡುವೆ ಒತ್ತಕ್ಷರ ಮಾಡುವ ಎರಡು ಹಲಂತ ಚಿಹ್ನೆ, ಕೊನೆಗೆ ದೀರ್ಘ ಈಕಾರದ ಗುರುತು. ಮಾತು ನಿಜವೇ. ಆದರೆ ‘ನೀರಿಲ್ಲ, ಮೋಟರು ಆರಿಸಿ’ ಎನ್ನಲು 70 ಸಂಕೇತ ಧಾರಾಳವಾಗಿ ಸಾಕು. ಇದನ್ನೆಲ್ಲ ಸೇರಿಸಿ, ಮೊದಲ ಲೇಖನ ತಪ್ಪಾಗಿತ್ತೆಂದು ಒಪ್ಪಿಕೊಂಡು ಇನ್ನೊಂದು ಲೇಖನ ಬರೆದೆ. ಆ ರೈತರು ಕಾಯಿಲ್ ಕಟ್ಟಿಸಲು ಕೊಟ್ಟ ಹಣವನ್ನು ನಾನು ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಈಗಲೂ ಹುಣಸೆಹಣ್ಣಿನ ಕಾಲದಲ್ಲಿ ಒಂದು ಚೀಲ ಕಳುಹಿಸುತ್ತಾರೆ, ಅದನ್ನು ನೋಡಿದಾಗಲೆಲ್ಲ ನನಗೆ ಸಂಕೋಚವಾಗುತ್ತದೆ.

ಆ ಬಳಿಕ ನನ್ನ ಕೆಲಸದ ಕ್ರಮ ಬದಲಾಯಿತು. ಮೊದಲು ತಿಂಗಳಿಗೆ ಎಂಟು ಲೇಖನ ಬರೆಯುತ್ತಿದ್ದವನು ಈಗ ಮೂರಕ್ಕೆ ನಿಂತಿದ್ದೇನೆ, ವರಮಾನವೂ ಅದಕ್ಕೆ ತಕ್ಕಂತೆ ಇಳಿದಿದೆ. ಯಾವ ಉಪಕರಣವನ್ನೇ ಆಗಲಿ, ಅದನ್ನು ದಿನವೂ ಬಳಸುವವರ ಕೈಯಲ್ಲಿ ನೋಡದೆ ಬರೆಯುವುದಿಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಬರವಣಿಗೆ. ಟೈಪು ಮಾಡುವುದು ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ. ಅಕ್ಷರ ಹೇಗೆ ಕೂಡಿಕೊಳ್ಳುತ್ತದೆಂಬುದು ಅದರಲ್ಲಿ ಬೆರಳಿಗೇ ತಿಳಿಯುತ್ತದೆ, ಹಲಂತವನ್ನು ನಾವೇ ಒತ್ತಬೇಕು. ಉಳಿದ ಹೊತ್ತು ಅಂಗಡಿ, ತೋಟ, ರಿಪೇರಿಯವರ ಮೇಜು. ಪದಗಳೂ ನನಗೆ ಸಿಗುವುದು ಅಲ್ಲೇ. ನಿಘಂಟಿನಲ್ಲಿ ಹುಡುಕಿದರೆ ಸಿಗುವ ಪದಕ್ಕಿಂತ ‘ಫೇಸು ಹೋಗಿದೆ’, ‘ಕಾಯಿಲ್ ಕಟ್ಟಿಸಬೇಕು’ ಎಂಬ ಮಾತುಗಳು ಓದುಗರಿಗೆ ಬೇಗ ಮುಟ್ಟುತ್ತವೆ.

ಇನ್ನು ತಿರುಗಾಟ. ನನ್ನ ಪ್ರವಾಸಗಳು ಯಾರಿಗೂ ಹೊಟ್ಟೆಕಿಚ್ಚು ತರಿಸುವಂಥವಲ್ಲ. ಹೆಚ್ಚಿನವು ಮೂರು ಜಿಲ್ಲೆಗಳ ಗಡಿ ದಾಟುವುದಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ಎಪ್ಪತ್ತು ಕಿಲೊಮೀಟರ್ ಹೋಗಬೇಕಾದರೆ ಕಾರಿಗಿಂತ ರೈಲೇ ನನಗೆ ಸರಿ, ಕ್ಯಾತಸಂದ್ರದ ತಟ್ಟೆ ಇಡ್ಲಿ ತಪ್ಪುತ್ತದೆಂಬುದೊಂದೇ ಕೊರತೆ. ತಮ್ಮ ಕಡೆಯ ಚಿಕ್ಕಬಳ್ಳಾಪುರ–ಕೋಲಾರ ಮಾರ್ಗದಲ್ಲಿ ನಾನು ಎರಡು ಸಲ ಕೆಲಸವಿಲ್ಲದೆಯೇ ಓಡಾಡಿದ್ದೇನೆ. ಎರಡೂವರೆ ಅಡಿ ಅಗಲದ ಪುಟ್ಟ ಹಳಿಗಳ ಮೇಲೆ ಓಡುತ್ತಿದ್ದ ಗಾಡಿ ಹೋಗಿ 2013ರಲ್ಲಿ ಅಲ್ಲಿ ಬ್ರಾಡ್‌ಗೇಜ್ ಬಂತು. ಕೋಲಾರ–ಬಂಗಾರಪೇಟೆ ನಡುವೆ ಕೆಲವು ಕಾಲ ಓಡಿದ ರೈಲು ಬಸ್ಸಿನಲ್ಲಿ ಚಾಲಕರ ಬೆನ್ನ ಹಿಂದೆಯೇ ಕುಳಿತು ಹಳಿಯನ್ನು ನೋಡುತ್ತ ಹೋಗಬಹುದಿತ್ತು. ಹಾಗೆ ನೋಡುತ್ತ ಹೋಗುವ ಭಾಗ್ಯ ಈಗ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನನ್ನ ಇಷ್ಟದ ಮಿತಿ ನನಗೆ ಅರ್ಥವಾದದ್ದು ಪಾವಗಡದಲ್ಲಿ. ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕು 2,050 ಮೆಗಾವ್ಯಾಟ್ ಸಾಮರ್ಥ್ಯದ್ದು, ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿದೆ. 2019ರ ಕೊನೆಗೆ ಪೂರ್ಣಗೊಂಡಿತು. ಅಷ್ಟು ದೊಡ್ಡ ವಿದ್ಯುತ್ ಸ್ಥಾವರವನ್ನು ನೋಡಲು ಹುಮ್ಮಸ್ಸಿನಿಂದ ಹೋದವನಿಗೆ ನೋಡಲು ಏನೂ ಇರಲಿಲ್ಲ. ಚಕ್ರವಿಲ್ಲ, ಹೊಗೆಯಿಲ್ಲ, ನೀರಿನ ಭೋರ್ಗರೆತವಿಲ್ಲ. ಕಣ್ಣು ಹಾಯುವವರೆಗೂ ನೀಲಿ ಹಲಗೆಗಳು, ಇನ್ವರ್ಟರ್ ಕೋಣೆಯ ಹತ್ತಿರ ಹೋದರೆ ಸಣ್ಣ ಗುಂಯ್ ಎಂಬ ನಾದ. ಸಂಜೆಯವರೆಗೆ ಅಲೆದು, ಬರೆಯಲು ಏನೂ ಇಲ್ಲವೆಂದು ಹೊರಡುವುದರಲ್ಲಿದ್ದೆ. ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಅಜ್ಜಿ ತಮ್ಮ ಆರು ಎಕರೆಯ ಲೆಕ್ಕ ಹೇಳಿದರು. ಅಲ್ಲಿ ಸರ್ಕಾರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಬಾರದ ಸೀಮೆಯಲ್ಲಿ ಕಡಲೆಕಾಯಿ ಬಿತ್ತಿ ಸಾಲ ಮಾಡುವುದಕ್ಕಿಂತ ಇದು ಮೇಲೆಂದು ಅಜ್ಜಿ ಹೇಳಿದರು. ಪಕ್ಕದಲ್ಲೇ ಕುಳಿತಿದ್ದ, ಸ್ವಂತ ಜಮೀನಿಲ್ಲದ ಇನ್ನೊಬ್ಬಾಕೆ, ‘ಬಾಡಿಗೆ ನಿಮಗೆ ಬಂತು, ಕೂಲಿ ನಮಗೆ ಹೋಯಿತು, ಕುರಿ ಮೇಯಿಸಲೂ ಜಾಗವಿಲ್ಲ’ ಎಂದರು. ಯಂತ್ರದೊಳಗೆ ಕಾಣದ ಚಲನೆ ಆ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕಂಡಿತು. ಹಲಗೆಯ ಬಗ್ಗೆ ಒಂದು ಪುಟ, ಆ ಇಬ್ಬರ ಬಗ್ಗೆ ನಾಲ್ಕು ಪುಟ ಬರೆದೆ.

ಗೌರಿಬಿದನೂರು ತಮಗೆ ದೂರವಲ್ಲ, ಅಲ್ಲಿಗೆ ಒಮ್ಮೆ ಹೋಗಿಬನ್ನಿ. 1976ರಿಂದ ಅಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ರೇಡಿಯೊ ದೂರದರ್ಶಕ ಕ್ಷೇತ್ರವಿದೆ. ದೂರದರ್ಶಕವೆಂದರೆ ಮಸೂರ, ಗುಮ್ಮಟ ಎಂದುಕೊಂಡು ಹೋದವರಿಗೆ ಬಟ್ಟೆ ಒಣಹಾಕುವ ತಂತಿಗಳಂತೆ ಕಾಣುವ ಆಂಟೆನಾಗಳ ಸಾಲು ಎದುರಾಗುತ್ತದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹಬ್ಬಿದ್ದ ಅಲ್ಲಿನ ಹಳೆಯ ವ್ಯೂಹದಲ್ಲಿ ಸಾವಿರ ಆಂಟೆನಾಗಳಿದ್ದು, ಪೂರ್ವ–ಪಶ್ಚಿಮದ ಉದ್ದವೇ 1.4 ಕಿಲೊಮೀಟರ್, ಅದು ಆಲಿಸುತ್ತಿದ್ದುದು 34.5 ಮೆಗಾಹರ್ಟ್ಜ್ ತರಂಗವನ್ನು. ಇದರಲ್ಲಿ ಯಾವುದೂ ತಿರುಗುವುದಿಲ್ಲ, ಆದರೂ ಆಕಾಶದ ಬೇರೆ ಬೇರೆ ದಿಕ್ಕಿಗೆ ‘ನೋಡಲು’ ಸಾಧ್ಯ. ತರಂಗ ಓರೆಯಾಗಿ ಬಂದಾಗ ಒಂದು ತುದಿಯ ಆಂಟೆನಾವನ್ನು ಮೊದಲು, ಇನ್ನೊಂದು ತುದಿಯದನ್ನು ಆಮೇಲೆ ಮುಟ್ಟುತ್ತದೆ. ಮೊದಲು ಮುಟ್ಟಿದ ಕಡೆಯ ಸಂಕೇತವನ್ನು ತಕ್ಕಷ್ಟು ತಡೆದು ನಿಲ್ಲಿಸಿ, ತಡವಾಗಿ ಬಂದವುಗಳ ಜೊತೆ ಸೇರಿಸಿದರೆ ಆ ದಿಕ್ಕಿನದು ಮಾತ್ರ ಜೋರಾಗಿ ಕೇಳುತ್ತದೆ. ಎಷ್ಟು ತಡೆಯಬೇಕೆಂಬುದನ್ನು ಬದಲಾಯಿಸಿದರೆ ದಿಕ್ಕು ಬದಲಾಗುತ್ತದೆ. ತೇರಿನ ಹಗ್ಗ ಹಿಡಿದವರು ಒಬ್ಬೊಬ್ಬರೇ ಎಳೆದರೆ ಕದಲದ ತೇರು, ಎಲ್ಲರೂ ಒಂದೇ ಕೂಗಿಗೆ ಎಳೆದಾಗ ಕದಲುವ ಹಾಗೆ. ಇಂಥ ಕೇಂದ್ರಗಳನ್ನು ಊರ ಗದ್ದಲದಿಂದ ದೂರ ಕಟ್ಟುವುದೇಕೆಂದು, ನನ್ನ ಅಡುಗೆಮನೆಯ ಬಲ್ಬಿನ ಕತೆ ಓದಿದ ಮೇಲೆ ತಮಗೆ ಬೇರೆ ಹೇಳಬೇಕಿಲ್ಲ. ಹೋಗುವ ಮುಂಚೆ ಅನುಮತಿ ಪಡೆಯಿರಿ, ಒಳಗೆ ಫೋನು ಆರಿಸಿಡಿ.

ಕೋಲಾರದ ಚಿನ್ನದ ಗಣಿಯ ಬಗ್ಗೆ ಒಂದೆರಡು ಮಾತು ಮಾತ್ರ, ಏಕೆಂದರೆ ಅದಕ್ಕೆ ಬೇರೆಯದೇ ಲೇಖನ ಬೇಕು. ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೊಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದದ್ದು 1902ರಲ್ಲಿ; ಬೆಂಗಳೂರಿಗೆ ಬೀದಿದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ರಾಜಧಾನಿಯಲ್ಲಿ ಇಲ್ಲದ ತಂತ್ರಜ್ಞಾನ ತಮ್ಮ ನೆರೆಜಿಲ್ಲೆಗೆ ಮೊದಲು ಬಂದಿತ್ತೆಂಬುದನ್ನು, ಬೆಂಗಳೂರಿನಲ್ಲೇ ಇರಬೇಕೇ ಎಂಬ ತಮ್ಮ ಪ್ರಶ್ನೆಯ ಪಕ್ಕದಲ್ಲಿ ಇಟ್ಟು ನೋಡಿ. ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿಯ ಕತ್ತಲೆಯಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಕುರುಹು ಸಿಕ್ಕಿತು. 2001ರಲ್ಲಿ ಗಣಿ ಮುಚ್ಚಿತು. ಈಗ ಹೋದರೆ ಕಾಣುವುದು ಸೈನೈಡ್ ದಿಬ್ಬಗಳು, ನಿಂತುಹೋದ ಶಾಫ್ಟುಗಳ ಮೇಲಿನ ಕಬ್ಬಿಣದ ಗೋಪುರಗಳು. ನಾನು ಅಲ್ಲಿ ಪ್ರತಿ ಸಲವೂ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಿಂತುಬಿಡುತ್ತೇನೆ.

ಬಿಡುವಿನ ಬಗ್ಗೆ ಕೇಳಿದ್ದೀರಿ. ಗುಬ್ಬಿ ವೀರಣ್ಣನವರ ಸೀಮೆಯವನಾದ ನನಗೆ ನಾಟಕದ ಹುಚ್ಚು ಇರದಿದ್ದರೆ ತಪ್ಪಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕಗಳು ನಡೆಯುತ್ತವೆ. ಬಾಡಿಗೆಗೆ ತಂದ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಹಗಲೆಲ್ಲ ಉಳುಮೆ ಮಾಡಿ ರಾತ್ರಿ ಕಿರೀಟ ಇಟ್ಟ ದುರ್ಯೋಧನ. ನಾನು ಕೂರುವುದು ಮೈಕ್‌ಸೆಟ್ಟಿನವರ ಪಕ್ಕದಲ್ಲಿ. ಕಂದಪದ್ಯದ ಎತ್ತರದ ಸ್ವರಕ್ಕೆ ಸರಿಯಾಗಿ ಮೈಕು ಕುಂಯ್ ಎಂದು ಕಿರುಚಿದಾಗ ಜನ ಬೈಯುತ್ತಾರೆ; ಸ್ಪೀಕರಿನಿಂದ ಹೊರಟ ಸದ್ದು ತಿರುಗಿ ಮೈಕಿನೊಳಗೆ ಹೋಗಿ, ಮತ್ತೆ ಹಿಗ್ಗಿ, ಮತ್ತೆ ಒಳಗೆ ಹೋಗುವ ಸುತ್ತು ಅದು. ಅನುಭವವಿರುವ ಮೈಕ್‌ಸೆಟ್ಟಿನವರು ವಾಲ್ಯೂಮ್ ತಗ್ಗಿಸುವುದಿಲ್ಲ, ಎದ್ದು ಹೋಗಿ ಸ್ಪೀಕರಿನ ಮುಖವನ್ನು ಒಂದು ಗೇಣು ತಿರುಗಿಸುತ್ತಾರೆ. ಪಾತ್ರಧಾರಿಯ ಸ್ವರಕ್ಕೆ ಏಟು ಬೀಳದಂತೆ ಕಿರುಚಾಟ ನಿಲ್ಲುತ್ತದೆ. ಆ ಒಂದು ಗೇಣಿನ ಜಾಣತನ ನೋಡಲು ನಾನು ಬೆಳಗಿನ ಜಾವದವರೆಗೆ ಕೂತದ್ದುಂಟು. ಮರುದಿನ ಬರವಣಿಗೆ ನಡೆಯುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೊಸ ಫೋನುಗಳ ಬಿಡುಗಡೆ ಸಮಾರಂಭದ ವರದಿಯನ್ನೇ ಬರೆಯುವುದಾದರೆ ಬೆಂಗಳೂರಿನಲ್ಲಿರುವುದು ಒಳ್ಳೆಯದು. ಅದೂ ಗೌರವದ ಕೆಲಸವೇ, ಅದನ್ನು ಮಾಡುವವರು ಈಗಾಗಲೇ ಬೇಕಾದಷ್ಟು ಜನರಿದ್ದಾರೆ. ಚಿಂತಾಮಣಿಯಿಂದ ಸ್ವಲ್ಪ ದೂರದಲ್ಲೇ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿದೆ, ಅಲ್ಲಿ ಹರಾಜು ಕಂಪ್ಯೂಟರಿನ ಮೂಲಕ ನಡೆಯುತ್ತದೆ. ತಾವು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು. ಒಂದು ವ್ಯವಸ್ಥೆ ಎಲ್ಲಿ ಎಡವುತ್ತದೆಂದು ಹುಡುಕುವುದೇ ತಮ್ಮ ಹೊಟ್ಟೆಪಾಡು. ರೈತರು ಗೂಡು ಸುರಿಯುವ ಜಾಲರಿಯ ಹತ್ತಿರ ಒಂದು ವಾರ ಬೆಳಿಗ್ಗೆ ನಿಂತು, ಬೆಲೆ ಪರದೆಯ ಮೇಲೆ ಏರುವಾಗ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಏನು ಮಾಡುತ್ತಾರೆ, ರೈತರು ಯಾರ ಮುಖ ನೋಡುತ್ತಾರೆ, ನೆಟ್‌ವರ್ಕ್ ಹೋದಾಗ ಏನಾಗುತ್ತದೆ, ಹಣ ಖಾತೆಗೆ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಬರೆದುಕೊಳ್ಳಿ. ಅಧಿಕಾರಿಗಳನ್ನು ಕೊನೆಯ ದಿನ ಭೇಟಿ ಮಾಡಿ, ಮೊದಲ ದಿನವೇ ಹೋದರೆ ಬಣ್ಣದ ಹಾಳೆ ಕೈಗೆ ಬರುತ್ತದೆ. ಸಾವಿರ ಪದಗಳಿಗೆ ಮೀರದಂತೆ ಬರೆದು ನನಗೆ ಕಳುಹಿಸಿದರೆ, ತಿದ್ದಿ ಹಿಂತಿರುಗಿಸುವುದು ನನ್ನ ಹೊಣೆ. ಹಾಂ, ಯೂನಿಕೋಡಿನಲ್ಲೇ ಟೈಪು ಮಾಡಿ. ಹಳೆಯ ಫಾಂಟಿನಲ್ಲಿ ಬಂದರೆ ಒತ್ತಕ್ಷರಗಳನ್ನು ಸರಿಪಡಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.